ಕುಸುಬಿ ಹಾಲಿನ ಜಿಡ್ಡು

ನಾನು ನಿಂತಿದ್ದದ್ದು ಬೈಲಹೊಂಗಲದ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ, ಹೊಸ್ತಿಲಿನ ಒಳಗೆ, ಬಲಗೈಯನ್ನು ಚೌಕಟ್ಟಿನ ಮೇಲಿಟ್ಟು. ೧೯೭೫ನೆಯ ಇಸವಿ, ಸಂಕ್ರಾಂತಿ ಕಳೆದು ಬಂದ ಮೊದಲ ಸೋಮವಾರ. ಹೊತ್ತು ಮುಳುಗಿತ್ತು, ಇನ್ನೂ ದೀಪ ಹಚ್ಚಿರಲಿಲ್ಲ. ನನಗೆ ಎಲ್ಲವೂ ಕಾಣುತ್ತಿತ್ತು: ಬಾವಿಯ ಕಟ್ಟೆ, ಬಟ್ಟೆ ತೆಗೆದ ಮೇಲೆ ಬರಿದಾದ ತಂತಿ, ಹಿತ್ತಲಿನ ಆಚೆ ತುದಿಯಲ್ಲಿ ನಮ್ಮ ಎಣ್ಣೆ ಗಿರಣಿಯ ಮುಚ್ಚಿದ ತಗಡಿನ ಬಾಗಿಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಓಣಿಯಲ್ಲಿ ಹಬ್ಬಿದ ಮಾತಿನಲ್ಲಿ ಕತ್ತಲಾಗಿತ್ತು ಎಂಬುದು ಸೇರಿಕೊಂಡಿತು. ಕತ್ತಲಾಗಿರಲಿಲ್ಲ. ಕೆಲಸಕ್ಕಿದ್ದ ಕಿತ್ತೂರಿನಲ್ಲಿ ನನಗೆ ಜ್ವರ ಬಂದು, ರಜೆ ಹಾಕಿ ಮನೆಗೆ ಬಂದಿದ್ದೆ ಎಂಬುದು ನಿಜ. ಆದರೆ ಜ್ವರ ಹಿಂದಿನ ದಿನವೇ ಬಿಟ್ಟಿತ್ತು.

ಅಂಗಳದ ನಡುವೆ ನನ್ನ ಅತ್ತಿಗೆ ನಿಂತಿದ್ದರು. ನಾನು ಅವರನ್ನು ವೈನಿ ಎನ್ನುತ್ತಿದ್ದೆ. ಅವರಿಂದ ಸ್ವಲ್ಪ ದೂರ, ಕಟ್ಟಿಗೆ ಒಟ್ಟಿದ ಕಡೆ, ಅವರ ಮಗಳು. ಎರಡು ವರ್ಷ ದಾಟಿದ ಕೂಸು. ಇಬ್ಬರೂ ಬಲಗೈಯನ್ನು ಮುಂದೆ ಚಾಚಿದ್ದರು, ಬೆರಳು ಬಿಡಿಸಿ, ಎದುರಿಗೆ ನಿಂತ ಯಾರನ್ನೋ ಮುಟ್ಟುವವರ ಹಾಗೆ. ಎದುರಿಗೆ ಯಾರೂ ಇರಲಿಲ್ಲ. ವೈನಿ ಒಂದು ಹೆಜ್ಜೆ ಇಟ್ಟು ನಿಂತರು. ಕೂಸೂ ಒಂದು ಹೆಜ್ಜೆ ಇಟ್ಟು ನಿಂತಿತು. ಆಮೇಲೆ ಇಬ್ಬರೂ ಒಮ್ಮೆಲೇ ಗಿರಣಿಯ ಕಡೆ ಮುಖ ತಿರುಗಿಸಿದರು. ಕೂಸು ತಾಯಿಯನ್ನು ನೋಡಿ ತಿರುಗಿದ್ದಲ್ಲ. ಅದರ ಬೆನ್ನು ತಾಯಿಯ ಕಡೆಗಿತ್ತು. ತಿರುಗಿ, ಗಾಳಿಯಲ್ಲಿ ಕೈಯಾಡಿಸುತ್ತ, ಅದು ನಕ್ಕಿತು.

ಪಕ್ಕದ ಮನೆಯ ಸೊಸೆ ಗೋಡೆಯ ಆಚೆ ನೀರು ಸೇದಲು ಬಂದವಳು ಇದನ್ನು ನೋಡಿದಳು. ಹಗ್ಗವನ್ನು ಕೈಯಲ್ಲಿ ಹಿಡಿದೇ ನಿಂತಳು. ನನ್ನನ್ನು ಕಂಡು ಕೊಡವನ್ನು ಸಪ್ಪಳವಾಗದಂತೆ ಕೆಳಗಿಟ್ಟು ಒಳಗೆ ಹೋದಳು.

ನನ್ನ ಅಣ್ಣ ತೀರಿಕೊಂಡು ಆಗ ಎರಡೂವರೆ ವರ್ಷವಾಗಿತ್ತು.

ನಮ್ಮದು ತಲೆತಲಾಂತರದಿಂದ ಗಾಣದ ಮನೆ. ಅಪ್ಪನ ಕಾಲದಲ್ಲಿ ಎತ್ತಿನ ಗಾಣ ಇತ್ತು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮ ಕಡೆ ಒಕ್ಕಲಿಗರಾಗಲಿ ಗಾಣದವರಾಗಲಿ ಅದನ್ನು ಮೀರಿದ್ದನ್ನು ನಾನು ಕಂಡಿಲ್ಲ. ಅಪ್ಪ ಹೋದ ಮೇಲೆ ಅಣ್ಣ ಎತ್ತು ಮಾರಿ ಮೋಟಾರು ತಂದ. ಮೋಟಾರಿಗೆ ಹೆಗಲಿಲ್ಲ, ಆದರೂ ಅವ್ವನ ಸಲುವಾಗಿ ಸೋಮವಾರ ಗಿರಣಿ ಮುಚ್ಚಿಯೇ ಇಡುತ್ತಿದ್ದ. ಯಾರಾದರೂ ಸೋಮವಾರ ಕುಸುಬಿ ಚೀಲ ಹೊತ್ತು ಬಂದರೆ, ನಮ್ಮ ಮೋಟಾರು ಇವತ್ತು ಒಪ್ಪತ್ತು ಐತಿ, ನಾಳೆ ಬರ್ರಿ ಎಂದು ನಗಿಸಿ ಕಳಿಸುತ್ತಿದ್ದ.

ಒಂದು ಸೋಮವಾರ ವೈನಿಯ ತವರಿನವರು ಚಚಡಿಯಿಂದ ಹೇಳದೆ ಬಂದರು. ವೈನಿ ಚೊಚ್ಚಲ ಬಸುರಿ. ಕುಬಸದ, ಅಂದರೆ ಸೀಮಂತದ, ದಿನ ಗೊತ್ತು ಮಾಡಬೇಕಿತ್ತು. ಬೀಗರಿಗೆ ಕರಿದದ್ದು ಮಾಡದೆ ಊಟ ಹಾಕುವುದು ಹೇಗೆ? ಎಣ್ಣೆಯ ಡಬ್ಬಿ ತಳ ಕಂಡಿತ್ತು. ಗಾಣದ ಮನೆಯ ಸೊಸೆ ಎಣ್ಣೆಗೆಂದು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಲಾರಳು. ಒಂದು ಸುತ್ತಿನಷ್ಟು ತೆಗೆದು ಕೊಡ್ರಿ ಎಂದು ವೈನಿ ಅಣ್ಣನನ್ನು ಕೇಳಿದರು. ಅವ್ವ ಬೇಡ ಅಂದಳು. ಅಣ್ಣ ನಕ್ಕು, ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡು ಹಿತ್ತಲು ದಾಟಿ ಹೋದ. ಆ ವಲ್ಲಿಯ ಜೋತ ಚುಂಗು ಮೋಟಾರಿನ ತಿರುಗುವ ಪಟ್ಟಾಕ್ಕೆ ಸಿಕ್ಕಿತು. ನಾನು ಊರಲ್ಲಿರಲಿಲ್ಲ, ಆದ್ದರಿಂದ ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮಣ್ಣು ಮಾಡುವಾಗ ನಾನಿದ್ದೆ. ವೈನಿ ಹಿಡಿ ಮಣ್ಣು ಹಾಕುವ ಮುಂಚೆ ಅದನ್ನು ಮುಷ್ಟಿಯಲ್ಲಿ ಹಿಡಿದು, ಅಳದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವರನ್ನ ನುಂಗಿದ್ದು ನನ್ನ ಬಾಯಾಗ ಇಳಿಯೂದಿಲ್ಲ. ಹುಟ್ಟೂ ಕೂಸಿನ ಬಾಯಾಗೂ ಇಳಸೂದಿಲ್ಲ."

ಅಂಥ ಜಾಗದಲ್ಲಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯಲು ಹೇಳುವುದಿಲ್ಲ. ಅವ್ವನೂ ಹೇಳಲಿಲ್ಲ. ಗಿರಣಿಯನ್ನು ಅವ್ವ ಆಳಿನ ಕೈಲಿ ನಡೆಸಿದಳು. ಹೀಗೆ ಎಣ್ಣೆಯ ಮನೆಯೊಳಗೆ ಎಣ್ಣೆಯಿಲ್ಲದ ಇನ್ನೊಂದು ಒಲೆ ಹುಟ್ಟಿತು. ವೈನಿ ತಮ್ಮ ಗಡಿಗೆ, ತಮ್ಮ ಸೌಟು ಬೇರೆ ಇಟ್ಟುಕೊಂಡರು. ಜೋಳದ ರೊಟ್ಟಿ, ನೀರಲ್ಲಿ ಬೇಯಿಸಿದ ಪಲ್ಯ, ತೊಗರಿ ಬೇಳೆ, ಉಪ್ಪು, ಖಾರ. ಒಗ್ಗರಣೆ ಇಲ್ಲ. ಕಾಳೂ ಎಣ್ಣೆಯೇ ಎಂದು ಶೇಂಗಾ, ಎಳ್ಳು, ಗುರೆಳ್ಳು, ಅಗಸಿ, ಕೊಬ್ಬರಿ ಎಲ್ಲ ಬಿಟ್ಟರು. ಜಿಡ್ಡಿನ ಹೆಸರಲ್ಲಿ ತುಪ್ಪವನ್ನೂ ಬಿಟ್ಟರು. ಮನೆಯ ಎಮ್ಮೆ ಬತ್ತಿತ್ತು. ಕೊಂಡು ತಂದ ಹಾಲು ಚಹಾಕ್ಕೆ ಮಾತ್ರ. ಕೂಸು ಮೊಲೆ ಬಿಟ್ಟ ಮೇಲೆ ತಾಯಿಯ ತಾಟಿನಲ್ಲೇ ಉಂಡಿತು. ವೈನಿ ತುತ್ತು ಮಾಡಿ, ಬಿಸಿ ನೋಡಲು ಅರ್ಧ ತಾವು ತಿಂದು, ಉಳಿದ ಅರ್ಧ ಅದರ ಬಾಯಿಗೆ ಇಡುತ್ತಿದ್ದರು. ಆ ಕೂಸು ಬೇರೆ ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲ; ತಾಯಿ ಮೊದಲು ತಿನ್ನದ ತುತ್ತನ್ನೂ ಮುಟ್ಟುತ್ತಿರಲಿಲ್ಲ.

ಆ ಸಂಕ್ರಾಂತಿಗೆ ಓಣಿಯ ಹೆಣ್ಣುಮಕ್ಕಳು ಸಕ್ಕರೆ ಹೊದಿಸಿದ ಕುಸುರೆಳ್ಳು ಹಂಚಲು ಬಂದಾಗ ಒಬ್ಬರು ತಿಳಿಯದೆ ಕೂಸಿನ ಅಂಗೈಯಲ್ಲಿ ನಾಲ್ಕು ಕಾಳು ಇಟ್ಟರು. ಕೂಸು ಮುಷ್ಟಿ ಬಿಗಿ ಮಾಡಿತು. ವೈನಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಾಳು ತೆಗೆದು, ಅಂಗೈಯನ್ನು ಸೆರಗಿನಿಂದ ಒರೆಸಿದರು. ಬಂದವರು ತಟ್ಟೆ ಮುಚ್ಚಿಕೊಂಡು ಹೋದರು. ಕೂಸು ಆ ಅಂಗೈಯನ್ನು ನೆಕ್ಕುತ್ತ ಬಹಳ ಹೊತ್ತು ಕೂತಿತ್ತು.

ವೈನಿಯ ಮೊಣಕೈ, ತೋಳಿನ ಹಿಂಭಾಗ ಆಗಲೇ ಒರಟಾಗಿದ್ದವು. ಮುಳ್ಳಿನಂಥ ಗುಳ್ಳೆ. ಮೈ ಹಾಗಲಕಾಯಿ ಆಗೇತಿ ಎಂದು ಅವ್ವ ಒಮ್ಮೆ ಅವರ ತೋಳು ಸವರಿ ಹೇಳಿದ್ದಳು. ಅದಕ್ಕೂ ಮುಂಚೆ, ದೀಪಾವಳಿಯ ಹೊತ್ತಿಗೇ, ಸಂಜೆಗಳು ಕೆಟ್ಟಿದ್ದವು. ಹಗಲೆಲ್ಲ ಸೂಜಿಗೆ ದಾರ ಪೋಣಿಸುವವರು ಹೊತ್ತು ಮುಳುಗಿತೆಂದರೆ ಬಾಗಿಲ ಬದಲು ಗೋಡೆಗೆ ಹೋಗಿ ಹಾಯುತ್ತಿದ್ದರು. ಮೊದಮೊದಲು ಅವರೇ ಅದನ್ನು ನಗೆಗೆ ಹಾಕಿದರು. ಆಮೇಲೆ ಓಣಿ ಕಥೆ ಕಟ್ಟಿತು: ಸತ್ತವನು ದೀಪ ಹಚ್ಚುವ ಹೊತ್ತಿಗೆ ಬಂದು ಹೆಂಡತಿಯ ಕಣ್ಣು ಮುಚ್ಚುತ್ತಾನೆ. ವೈನಿ ಇಲ್ಲ ಅನ್ನಲಿಲ್ಲ. ಅಷ್ಟೇ ಅಲ್ಲ, ಸಂಜೆಯಾದರೆ ಎಲ್ಲ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲತೊಡಗಿದರು. ಅವರ ಮುಖದಲ್ಲಿ ಆಗ ಹೆದರಿಕೆ ಇರುತ್ತಿರಲಿಲ್ಲ. ನನ್ನನ್ನು ಅಲುಗಿಸಿದ್ದು ಅದು.

ಈಗ ಕೂಸೂ ಕೈ ಚಾಚಿತ್ತು.

ಪಕ್ಕದ ಮನೆಯವಳ ಮಾತು ಎರಡೇ ದಿನದಲ್ಲಿ ರಾಮದುರ್ಗಕ್ಕೆ ಮುಟ್ಟಿತು. ಅಲ್ಲಿಂದ ನಮ್ಮ ಅಕ್ಕ ಬಂದಿಳಿದಳು. ಅಕ್ಕನಿಗೆ ಮಕ್ಕಳಿರಲಿಲ್ಲ. ಬರುವಾಗಲೇ ಕೂಸಿಗೆ ಲಂಗ, ಪೋಲಕ ಹೊಲಿಸಿ ತಂದಿದ್ದಳು. ಅವಳು ಜಗಳಕ್ಕೆ ಬಂದವಳಲ್ಲ. ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಸತ್ತವನು ಹೆಂಡತಿಯನ್ನು ಹಿಡಿದಿದ್ದರೆ ಹಿಡಿಯಲಿ, ಕೂಸಿನ ಮೇಲೂ ಕೈ ಇಟ್ಟರೆ ತಾನು ಸುಮ್ಮನಿರುವುದಿಲ್ಲ ಅಂದಳು. ಸತ್ತ ತಮ್ಮನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಬದುಕಿದ್ದಾಗ ಬರುತ್ತಿದ್ದಂಥದೇ ಸಿಟ್ಟು. ಬನದ ಹುಣ್ಣಿಮೆ ಮುಗಿಸಿ ಮರುದಿನದ ಬಸ್ಸಿಗೆ ಕೂಸನ್ನು ರಾಮದುರ್ಗಕ್ಕೆ ಒಯ್ಯುವುದು ಎಂದಾಯಿತು. ಅವ್ವ ಬೇಡ ಅನ್ನಲಿಲ್ಲ. ವೈನಿ ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರ ಕೈ ಕೂಸಿನ ತಲೆಯ ಮೇಲಿತ್ತು. ಆ ಕೈ ಅಲುಗಲಿಲ್ಲ.

ಮರುದಿನ ನಾನು ವೈನಿಯನ್ನೂ ಕೂಸನ್ನೂ ಸವದತ್ತಿಗೆ ಕರೆದುಕೊಂಡು ಹೋದೆ. ಬೈಲಹೊಂಗಲದ ದವಾಖಾನೆಗೆ ಹೋದರೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಾರೆಂದು ವೈನಿ ಒಪ್ಪಿರಲಿಲ್ಲ. ಸವದತ್ತಿಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಸಂಜೆ ಏನು ಕಾಣುತ್ತದೆ ಎಂದು ಅವರು ಕೇಳಲಿಲ್ಲ. ಏನು ಉಣ್ಣುತ್ತೀರಿ ಎಂದು ಕೇಳಿದರು. ವೈನಿ ಹೇಳಿದರು. ಡಾಕ್ಟರು ಅವರ ಮೊಣಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಕೂಸನ್ನು ಕಿಟಕಿಯ ಕಡೆ ತಿರುಗಿಸಿ ರೆಪ್ಪೆ ಬಿಡಿಸಿದರು. ಕಣ್ಣಿನ ಬಿಳಿಯ ಭಾಗದಲ್ಲಿ, ಕರಿಯ ಗುಡ್ಡೆಯ ಪಕ್ಕಕ್ಕೆ, ಒಣಗಿದ ನೊರೆಯಂಥ ಒಂದು ಬೂದು ಕಲೆ. ದಿನಾ ಆ ಮುಖಕ್ಕೆ ಮುದ್ದು ಕೊಟ್ಟ ನಾವು ಯಾರೂ ಅದನ್ನು ಕಂಡಿರಲಿಲ್ಲ.

ವೈನಿ ದಿನಾ ಪಲ್ಯ ತಿನ್ನುತ್ತಾರಲ್ಲ ಎಂದು ನಾನು ಕೇಳಿದೆ.

"ತಿಂತಾರ, ಖರೆ," ಅಂದರು ಡಾಕ್ಟರು. "ಕಣ್ಣಿಗೆ ಬೇಕಾದದ್ದು ಪಲ್ಯದಾಗ ಐತಿ. ಅದು ಮೈಯೊಳಗ ದಾಟಾಕ ಜಿಡ್ಡು ಬೇಕು. ದಿನಾ ಹೊಳಿ ದಂಡಿಗಿ ಬಂದು ನಿಂದರತೈತಿ, ದೋಣಿ ಇಲ್ಲ. ವಾಪಸ್ ಹೋಗತೈತಿ."

ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: ತಾಯಿಯದು ಇನ್ನೂ ಸಂಜೆಗಣ್ಣು ಮಾತ್ರ, ಅಂದರೆ ಇರುಳುಗುರುಡು. ಕೂಸಿನದು ಹೀಗೇ ಬಿಟ್ಟರೆ ಕರಿಗುಡ್ಡೆ ಮೆತ್ತಗಾಗಿ ಹಗಲುಗಣ್ಣೂ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಗುಳಿಗೆ ಕೊಟ್ಟರು. ಸೂಜಿಯ ಔಷಧ ಆಗ ಅವರಲ್ಲಿ ಇರಲಿಲ್ಲ. ಗುಳಿಗೆಯೊಳಗೆ ಏನಿದೆ ಎಂದು ವೈನಿ ಕೇಳಿದಾಗ ಅವರು ಮರೆಮಾಚದೆ ಮೀನಿನ ಎಣ್ಣೆ ಅಂದರು. ಲಿಂಗ ಕಟ್ಟಿದ ಮನೆಯವರಿಗೆ ಮೀನು. ವೈನಿಗೆ ಅದರ ಮೇಲೆ ಎಣ್ಣೆ. ಅವರು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಬೇರೆಯವರ ವಸ್ತುವನ್ನು ತಲುಪಿಸಲು ಒಯ್ಯುವವರ ಹಾಗೆ.

ನಾನು ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ನಮ್ಮ ಗಿರಣಿಯಲ್ಲಿ ಸಾಲಾಗಿ ನಿಂತ ಚೀಲಗಳು ಕಣ್ಣೆದುರಿಗೆ ಬಂದವು. ಶೇಂಗಾ: ಕಾಳಿನ ತೂಕದಲ್ಲಿ ಅರ್ಧಕ್ಕೆ ಹತ್ತಿರ ಎಣ್ಣೆ, ಕಾಲು ಭಾಗ ಮೈ ಬೆಳೆಸುವ ಪ್ರೋಟೀನು. ಎಳ್ಳಿನಲ್ಲಿ ಎಣ್ಣೆ ಅಷ್ಟೇ, ತುಸು ಹೆಚ್ಚೇ. ಸಿಪ್ಪೆ ಸಮೇತ ತಿಂದರೆ ಎಲುಬಿನ ಸುಣ್ಣವೂ ಉಂಟು. ಗುರೆಳ್ಳು ಅದಕ್ಕಿಂತ ಬಡವ, ಆದರೆ ಕಬ್ಬಿಣ ಅದರಲ್ಲಿ ಧಾರಾಳ. ಅಗಸಿಯ ಎಣ್ಣೆ ಗಾಳಿ ತಾಗಿದರೆ ಪೊರೆಗಟ್ಟುತ್ತದೆ, ಅದಕ್ಕೇ ಬಡಿಗ್ಯಾರು ಅದನ್ನು ಬಾಗಿಲಿಗೆ ಹಚ್ಚುತ್ತಾರೆ; ಮನೆಯಲ್ಲಿ ಕಾಳನ್ನು ಹುರಿದು ಚಟ್ನಿ ಕುಟ್ಟುತ್ತಾರೆ. ಕುಸುಬಿ ಎಲ್ಲಕ್ಕಿಂತ ಕಡಿಮೆ ಕೊಡುತ್ತದೆ. ದಪ್ಪ ಸಿಪ್ಪೆಯೇ ಬಹಳ, ಎಣ್ಣೆ ಮೂರರಲ್ಲಿ ಒಂದು ಪಾಲೂ ಬರುವುದು ಕಷ್ಟ. ಆದರೆ ಆ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಎಂಬ ಆಮ್ಲ, ನಮ್ಮ ದೇಹ ತಾನಾಗಿ ಮಾಡಿಕೊಳ್ಳಲಾರದ ಕೊಬ್ಬು. ಹೊರಗಿನಿಂದ ಉಂಡೇ ಪಡೆಯಬೇಕು. ಅದು ಸಿಗದಿದ್ದರೆ ಚರ್ಮ ಕಪ್ಪೆಯ ಬೆನ್ನಿನಂತಾಗುತ್ತದೆ. ಈ ಯಾವ ಕಾಳಿನಲ್ಲೂ ಕಣ್ಣಿಗೆ ಬೇಕಾದ 'ಎ' ಜೀವಸತ್ವ ಹೇಳಿಕೊಳ್ಳುವಷ್ಟು ಇಲ್ಲ. ಅದು ಮೆಂತೆ, ರಾಜಗಿರಿ ಸೊಪ್ಪುಗಳ, ಗಜ್ಜರಿ ಗಡ್ಡೆಯ ಬಣ್ಣದಲ್ಲಿದೆ. ಎಣ್ಣೆ ಅದನ್ನು ದಾಟಿಸುತ್ತದೆ, ಅಷ್ಟೇ. ಅಷ್ಟಿಲ್ಲದೆ ನಮ್ಮ ಮನೆಯಲ್ಲಿ ಇಬ್ಬರು, ಎಣ್ಣೆಯ ವಾಸನೆಯಲ್ಲೇ ಮಲಗಿ ಏಳುತ್ತ, ಕುರುಡಾಗುತ್ತಿದ್ದರು.

ಇದನ್ನೆಲ್ಲ ನಾನು ವೈನಿಗೆ ನಿಧಾನವಾಗಿ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಮುನವಳ್ಳಿ ದಾಟಿದ ಮೇಲೆ ಒಂದೇ ಮಾತು ಅಂದರು: "ಮಾತ ಕೊಟ್ಟೇನಿ, ತಮ್ಮಾ. ಮಣ್ಣ ಕೈಯಾಗ ಹಿಡದ ಕೊಟ್ಟೇನಿ."

ಡಾಕ್ಟರ ಮಾತು ವೈನಿಯ ಕಡೆ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಅದು ಅಕ್ಕನ ಕಡೆ ನಿಂತಿತು. ದೆವ್ವ ಅಲ್ಲವೆಂದು ಕೇಳಿ ಅಕ್ಕ ಚಹಾದ ಬಟ್ಟಲನ್ನು ಕೆಳಗಿಟ್ಟಳು. ನಂತರ ವೈನಿಯ ಎದುರಿಗೆ ಹೋಗಿ ಕೂತಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ.

"ಹಂಗಾರ ಇನ್ನೂ ಸರಳ ಆತಲ್ಲ. ನಮ್ಮ ಮನ್ಯಾಗ ಉಣ್ಣತೈತಿ ಅದು. ನಿನ್ನ ಮಾತು ನಿನಗಿರಲಿ, ಅದರ ಕಣ್ಣು ಅದಕಿರಲಿ. ಕೂಸು ನನಗ ಕೊಡು."

ವೈನಿ ಎದ್ದು ಗೂಟದಿಂದ ಕೂಸಿನ ಅರಿವೆಗಳನ್ನು ಇಳಿಸಿದರು. ಮರುದಿನ ಒಗೆದು ಹಾಕಿದರು. ಒಣಗಿದ ಮೇಲೆ ಅವನ್ನು ಮಡಿಸುವಾಗ ಹೊತ್ತು ಮುಳುಗಿತು. ಉಳಿದದ್ದನ್ನು ಬೆರಳಿನಿಂದ ತಡವಿ ಮಡಿಸಿದರು. ನಾನು ದೀಪ ತರಲೇ ಎಂದು ಕೇಳಿದ್ದಕ್ಕೆ ಬೇಡ ಅಂದರು.

ಹುಣ್ಣಿಮೆ ಸೋಮವಾರ ಬಂದಿತ್ತು. ಗಿರಣಿ ಮುಚ್ಚಿತ್ತು. ಬೆಳಿಗ್ಗೆ ಎದ್ದಾಗ ಅವ್ವ ಹಿತ್ತಲ ಒರಳಿನ ಮುಂದೆ ಕೂತಿದ್ದಳು. ಹಿಂದಿನ ದಿನ ಅವಳು ಕುಸುಬಿ ನೆನೆಹಾಕಿದ್ದು ಯಾರಿಗೂ ಗೊತ್ತಿರಲಿಲ್ಲ. ನೆನೆದ ಕಾಳನ್ನು ಕುಟ್ಟಿ, ನೀರು ಹಾಕಿ ಕಿವುಚಿ, ಬಿಳಿ ಅರಿವೆಯಲ್ಲಿ ಹಿಂಡುತ್ತಿದ್ದಳು. ಅರಿವೆಯಿಂದ ಹಾಲು ಇಳಿಯುತ್ತಿತ್ತು. ಎಮ್ಮೆಯ ಹಾಲಿಗಿಂತ ತೆಳು, ಅಷ್ಟೇ ಬಿಳಿ. ಆ ಹಾಲಿಗೆ ಗೋದಿಯ ನುಚ್ಚು, ಬೆಲ್ಲ ಹಾಕಿ ಕುದಿಸಿದರೆ ಕುಸುಬಿ ಹುಗ್ಗಿ. ನಮ್ಮ ಕಡೆಯ ಮನೆಗಳಲ್ಲಿ ಅದನ್ನು ತಿನ್ನದೆ ಬೆಳೆದವರಿಲ್ಲ. ಅಣ್ಣನಿಗೆ ಅದೆಂದರೆ ಜೀವ.

ಅವ್ವನ ಲೆಕ್ಕ ನನಗೆ ತಿಳಿಯಿತು. ವೈನಿ ಬಿಟ್ಟದ್ದು ಎಣ್ಣೆಯನ್ನು. ಇದು ಹಾಲು. ಯಾರೂ ಇದನ್ನು ಎಣ್ಣೆ ಎಂದು ಕರೆದಿಲ್ಲ. ಗಾಣಕ್ಕೆ ಹೋಗಿಲ್ಲ, ಮೋಟಾರು ಮುಟ್ಟಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಸೊಸಿಗಿ ಹಾಲ ಕುಡಸಾಕ ಅತ್ತಿ ಎಮ್ಮಿ ಆಗ್ಯಾಳ ಅಂದಳು. ಅವ್ವ ತಲೆ ಎತ್ತದೆ, ಎಮ್ಮಿ ಬತ್ತಿದ್ರ ಯಾರರ ಆಗಬೇಕಲ್ಲ ಅಂದಳು. ಇಬ್ಬರೂ ನಕ್ಕರು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಕೇಳಿದ ನಗು ಅದೊಂದೇ.

ಮಧ್ಯಾಹ್ನ ಅವ್ವ ಹುಗ್ಗಿಯನ್ನು ವೈನಿಯ ತಾಟಿಗೆ ಬಡಿಸಿದಳು, ಪಕ್ಕದಲ್ಲಿ ಅವರದೇ ಗಡಿಗೆಯ ಮೆಂತೆ ಪಲ್ಯ. ಕೂಸು ತೊಡೆಯ ಮೇಲೆ ಕೂತಿತ್ತು. ವೈನಿ ತಾಟನ್ನು ನೋಡಿದರು. ಹುಗ್ಗಿ ಆರಿದ ಕಡೆ ಅದರ ಮೇಲೆ ಬೆಳಕಿಂಡಿಯ ಬಿಸಿಲು ಬಿದ್ದು ಸಣ್ಣ ಹೊಳಪು ಕಾಣುತ್ತಿತ್ತು, ಮಳೆ ನಿಂತ ಮೇಲೆ ಹೆಂಚು ಹೊಳೆಯುತ್ತದಲ್ಲ, ಹಾಗೆ. ಅವರು ಗಾಣದ ಮನೆಯಲ್ಲಿ ಬಾಳಿದವರು. ಆ ಹೊಳಪು ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಆದರೂ ಕೇಳಿದರು. ಅವ್ವನನ್ನಲ್ಲ, ನನ್ನನ್ನು.

"ತಮ್ಮಾ, ಇದರಾಗ ಎಣ್ಣಿ ಐತೇನು?"

ಅವ್ವ ಸೌಟು ಹಿಡಿದು ನಿಂತಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅನ್ನು ಎಂದು ಆ ನೋಟ ಹೇಳುತ್ತಿತ್ತು. ಕೂಸನ್ನು ಒಯ್ಯಲು ಬಂದವಳೇ ಹಾಗೆ ನೋಡಿದಳು, ಇದನ್ನು ನಾನು ಮರೆತಿಲ್ಲ. ಇಲ್ಲ ಅಂದಿದ್ದರೆ ಅವರು ಉಣ್ಣುತ್ತಿದ್ದರೋ ಏನೋ. ನಾನು ಹೇಳುವುದಾದರೂ ಏನು? ಬಸ್ಸಿನಲ್ಲಿ ಅವರಿಗೆ ಕಾಳುಗಳ ಒಳಗಿರುವುದನ್ನೆಲ್ಲ ಬಿಡಿಸಿ ಹೇಳಿದವನು ನಾನೇ.

"ಐತಿ, ವೈನಿ," ಅಂದೆ. "ಕಾಳಿನಾಗ ಇದ್ದದ್ದ ಹಾಲಿನಾಗೂ ಐತಿ. ಅದಕ್ಕ ಅವ್ವ ಮಾಡ್ಯಾಳ."

ಅವ್ವ ಸೌಟನ್ನು ಗಡಿಗೆಯಲ್ಲಿ ಬಿಟ್ಟು ಗೋಡೆಯ ಕಡೆ ತಿರುಗಿದಳು. ಅಕ್ಕ ಮೆಲ್ಲಗೆ, ಸಾಲಿ ಕಲಸಾಂವ ಅಡಗಿಮನ್ಯಾಗೂ ಕಲಸಿದ ಅಂದಳು. ಯಾರೂ ನಗಲಿಲ್ಲ.

ವೈನಿ ಬಹಳ ಹೊತ್ತು ತಾಟಿನ ಅಂಚು ಹಿಡಿದು ಕೂತರು. ನಾಳಿನ ಬಸ್ಸಿಗೆ ಮಡಿಸಿಟ್ಟ ಅರಿವೆಗಳ ಗಂಟು ಅವರ ಎದುರಿನ ಗೂಟದಲ್ಲೇ ತೂಗುತ್ತಿತ್ತು. ಆಮೇಲೆ ಹುಗ್ಗಿಯ ಒಂದು ತುತ್ತು ಮಾಡಿದರು. ಊದಿ, ಕೂಸಿನ ಬಾಯಿಗೆ ಒಯ್ದರು. ತಾವು ತಿನ್ನಲಿಲ್ಲ. ಅಂದರೆ ಕೂಸಿನ ಪಾಲಿನ ಮಾತನ್ನು ಮುರಿದು, ತಮ್ಮ ಪಾಲಿನದನ್ನು ಉಳಿಸಿಕೊಳ್ಳಲು ನಿರ್ಧಾರ ಮಾಡಿದ್ದರು. ನನಗೆ ಹಾಗೆ ಕಂಡಿತು.

ಕೂಸು ಬಾಯಿ ತೆರೆಯಲಿಲ್ಲ. ಬೆಲ್ಲದ ವಾಸನೆಗೆ ಅದರ ಮೂಗು ಅರಳಿತ್ತು, ಕಣ್ಣು ತುತ್ತಿನ ಮೇಲೇ ಇತ್ತು. ಆದರೆ ತುಟಿ ಬಿಗಿದುಕೊಂಡು ಕಾಯಿತು. ವೈನಿ ಮತ್ತೆ ಒಯ್ದರು. ಕೂಸು ತನ್ನ ಎರಡೂ ಕೈಯಿಂದ ತಾಯಿಯ ಮಣಿಕಟ್ಟು ಹಿಡಿದು, ಆ ತುತ್ತನ್ನು ತಾಯಿಯ ಬಾಯಿಯ ಕಡೆಗೆ ತಿರುಗಿಸಿತು. ಉಣ್ಣುವುದೆಂದರೆ ಅದಕ್ಕೆ ಗೊತ್ತಿದ್ದದ್ದು ಅದೊಂದೇ ರೀತಿ: ಮೊದಲು ತಾಯಿ, ಆಮೇಲೆ ತಾನು. ಅಕ್ಕ ಮುಂದೆ ಬಂದು, ಕೊಡು ನಾ ಉಣಸತೇನಿ ಎಂದು ಕೈ ಚಾಚಿದಳು. ಕೂಸು ಮುಖವನ್ನು ತಾಯಿಯ ಎದೆಯಲ್ಲಿ ಹುದುಗಿಸಿತು. ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ವೈನಿ ತಿಂದರು.

ಅರ್ಧ ತುತ್ತು. ಅಗಿಯುವಾಗ ಅವರ ಕಣ್ಣು ಮುಚ್ಚಿದ್ದವು. ನುಂಗಿದ್ದು ಗಂಟಲಲ್ಲಿ ಕಂಡಿತು. ಉಳಿದ ಅರ್ಧಕ್ಕೆ ಕೂಸು ಕಾಯುತ್ತಲೇ ಇತ್ತು, ತಕ್ಷಣ ಬಾಯಿ ತೆರೆಯಿತು. ಹೀಗೆ ತಾಟು ಬರಿದಾಗುವವರೆಗೆ ನಡೆಯಿತು, ಮೆಂತೆ ಪಲ್ಯವೂ ಮುಗಿಯಿತು. ಕೊನೆಯಲ್ಲಿ ವೈನಿ ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಗುಳಿಗೆ ಒಡೆದು ಬೆಲ್ಲದಲ್ಲಿ ಕಲಸಿದಳು. ಮೀನಿನದಲ್ಲವೇ ಎಂದು ಅಕ್ಕ ಕೇಳಿದಳು. ಡಾಕ್ಟರು ಕೊಟ್ಟದ್ದು ಗುಳಿಗೆ, ತನಗೆ ಅಷ್ಟೇ ಗೊತ್ತು ಎಂದಳು ಅವ್ವ.

ಮರುದಿನ ಅಕ್ಕ ಒಬ್ಬಳೇ ರಾಮದುರ್ಗದ ಬಸ್ಸು ಹತ್ತಿದಳು. ಲಂಗ, ಪೋಲಕಗಳನ್ನು ಗೂಟಕ್ಕೆ ಹಾಕಿ ಹೋದಳು. ಬಸ್ಸಿನ ಕಿಟಕಿಯಿಂದ ನನ್ನನ್ನು ಕರೆದು, ಉದ್ದ ಹೊಲಿಸೇನಿ, ಎರಡ ವರ್ಷ ಬರತಾವ ಅಂದಳು.

ಕೂಸಿನ ಕಣ್ಣಿನ ಕಲೆ ನಿಧಾನವಾಗಿ ತಿಳಿಯಾಯಿತು. ಸಂಜೆ ಓಣಿಯ ಕೋಳಿಮರಿಗಳ ಹಿಂದೆ ಓಡತೊಡಗಿತು. ವೈನಿಯ ಮೊಣಕೈ ನುಣುಪಾಗಲು ಬಹಳ ದಿನ ಹಿಡಿಯಿತು, ಆದರೆ ಆಯಿತು. ಅವರ ಬೇರೆ ಒಲೆ ಆರಿತು. ಆ ಗಡಿಗೆಯನ್ನು ಅವ್ವ ಹಿತ್ತಲಿಗೆ ಹಾಕಿ ಅದರಲ್ಲಿ ಕರಿಬೇವಿನ ಸಸಿ ನೆಟ್ಟಳು. ಮಾತು ಮುರಿದದ್ದಕ್ಕೆ ಏನಾದರೂ ಆಗುತ್ತದೆಂದು ನಾವೆಲ್ಲ ಒಳಗೊಳಗೇ ಕಾದೆವು. ಏನೂ ಆಗಲಿಲ್ಲ.

ಹೋಳಿಯ ಹೊತ್ತಿಗೆ ನಾನು ಮತ್ತೆ ಊರಿಗೆ ಬಂದಿದ್ದೆ. ಒಂದು ಸಂಜೆ ವೈನಿ ಹಿತ್ತಲ ಬಾಗಿಲಲ್ಲಿ, ಅಂದು ನಾನು ನಿಂತಿದ್ದ ಜಾಗದಲ್ಲೇ, ನಿಂತಿದ್ದರು. ಕೂಸು ಅಂಗಳದಲ್ಲಿ ಕಟ್ಟಿಗೆಯ ಸಂದಿಯಿಂದ ಏನನ್ನೋ ಹೆಕ್ಕುತ್ತಿತ್ತು. ಗಿರಣಿಯ ಕಡೆಯಿಂದ ಹಿಂಡಿಯ ವಾಸನೆ ಬರುತ್ತಿತ್ತು. ವೈನಿ ನನ್ನ ಕಡೆ ತಿರುಗದೆ ಮಾತಾಡಿದರು. ಮೊದಲು ಈ ಹೊತ್ತಿಗೆ ತಮಗೆ ಏನೂ ಕಾಣುತ್ತಿರಲಿಲ್ಲ, ಆದರೆ ಗಂಡನ ಅಂಗಿಯ ಎಣ್ಣೆಯ ವಾಸನೆ ಹತ್ತಿರ ಬರುತ್ತಿತ್ತು, ಕೈ ಚಾಚಿದರೆ ಇನ್ನೊಂದು ಗೇಣು ದೂರ ಇದ್ದಾರೆ ಅನ್ನಿಸುತ್ತಿತ್ತು, ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು:

"ಈಗ ಎಲ್ಲಾ ಕಾಣತೈತಿ, ತಮ್ಮಾ. ಬಾವಿ ಕಾಣತೈತಿ. ಗ್ವಾಡಿ ಕಾಣತೈತಿ. ಯಾರೂ ಇಲ್ಲ."

ಕೈ ಚಾಚಿದ್ದು ಸಂಜೆಗಣ್ಣಿನಿಂದ. ಅದು ನನಗೆ ಗೊತ್ತು. ವಾಸನೆ ಗಿರಣಿಯದು, ಅದೂ ಗೊತ್ತು. ಆದರೆ ಆ ಮೊದಲ ಸೋಮವಾರ ಗಿರಣಿ ಮುಚ್ಚಿತ್ತು, ಗಾಳಿ ಇರಲಿಲ್ಲ, ತಂತಿಯ ಮೇಲೆ ಮರೆತ ಒಂದು ದಾರದ ಎಳೆ ಅಲುಗದೆ ಜೋತುಬಿದ್ದಿದ್ದದ್ದು ನನ್ನ ಕಣ್ಣಲ್ಲಿದೆ. ಒಬ್ಬರ ಕಡೆ ಒಬ್ಬರು ನೋಡದ ಇಬ್ಬರು ಒಮ್ಮೆಲೇ ಏಕೆ ತಿರುಗಿದರು, ಕೂಸು ಏಕೆ ನಕ್ಕಿತು, ಇದಕ್ಕೆ ನನ್ನ ವಿಜ್ಞಾನದಲ್ಲಿ ಜಾಗ ಸಿಕ್ಕಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದಿದ್ದೇನೆ.

ಅವ್ವ ಇಲ್ಲ, ಅಕ್ಕ ಇಲ್ಲ. ಸವದತ್ತಿಯ ಡಾಕ್ಟರೂ ತೀರಿಕೊಂಡರು. ಕೂಸು ಬೆಳೆದು ಮುನವಳ್ಳಿಗೆ ಲಗ್ನವಾಗಿ ಹೋಗಿ ಈಗ ತಾನೇ ಅಜ್ಜಿಯಾಗಿದ್ದಾಳೆ. ಅವಳಿಗೆ ಇದಾವುದೂ ನೆನಪಿಲ್ಲ, ಕುಸುಬಿ ಹುಗ್ಗಿಯನ್ನು ಮಾತ್ರ ಇಂದಿಗೂ ತಾಯಿ ಮೊದಲು ರುಚಿ ನೋಡದೆ ಯಾರಿಗೂ ಬಡಿಸುವುದಿಲ್ಲ. ಆ ಸಂಜೆಯನ್ನು ನೋಡಿದವರಲ್ಲಿ ಬದುಕಿರುವವರು ಇಬ್ಬರು. ಒಬ್ಬಳು ಗೋಡೆಯಾಚೆಯ ಆ ಸೊಸೆ. ಬೈಲಹೊಂಗಲದಲ್ಲಿ ಅದೇ ಮನೆಯಲ್ಲಿದ್ದಾಳೆ, ಹೋದ ವರ್ಷ ಕೇಳಿದಾಗ, ಇಬ್ಬರೂ ಕೂಡೇ ತಿರುಗಿದ್ರು ಎಂದು ಅಷ್ಟನ್ನೇ ಹೇಳಿದಳು, ಒಂದು ಮಾತೂ ಸೇರಿಸಲಿಲ್ಲ. ಇನ್ನೊಬ್ಬ ನಾನು. ವೈನಿಯೂ ಇದ್ದಾರೆ, ಮಗಳ ಮನೆಯಲ್ಲಿ. ಆದರೆ ಅಂದು ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.